ಸೆಪಾಂಗ್‌ನಲ್ಲಿ ರಾಜ್ಯೋತ್ಸವ

ತಪ್ಪೆಲ್ಲ ಸಿಂಗಪುರದವರದು. ಅವರು ಅಷ್ಟು ಬೆಳಿಗ್ಗೆ ಎದ್ದು, ನೀರಿನ ದಂಡೆಯಲ್ಲಿ ಸಾಲಾಗಿ ನಿಂತು, ಹಳದಿ ಕೆಂಪು ಬಾವುಟ ಹಿಡಿದು ರಾಜ್ಯೋತ್ಸವದ ಫೋಟೋ ತೆಗೆಸಿಕೊಂಡು ವಾಟ್ಸಾಪಿಗೆ ಹಾಕದೇ ಇದ್ದಿದ್ದರೆ ಅನಂತಪದ್ಮನಾಭನ ಆ ಶನಿವಾರ ಹೇಗೋ ಕಳೆದುಹೋಗುತ್ತಿತ್ತು.

ಫೋಟೋ ನೋಡಿ ರತ್ನಾ ಮೇಡಂ ಕೆರಳಿದರು. ಮಲಯ ನಾಡಿನ ಸುಬಾಂಗ್ ಜಯಾದಲ್ಲಿ ಅನಂತಪದ್ಮನಾಭನ ಎದುರು ಬ್ಲಾಕಿನಲ್ಲೇ ಅವರ ಮನೆ. ಹುಬ್ಬಳ್ಳಿ ಕಡೆಯವರು, ಕನ್ನಡ ಬಳಗದ ಅಧ್ಯಕ್ಷರು. ಸಭಾಂಗಣ ಸಿಗದೆ ಬಳಗದ ಧ್ವಜಾರೋಹಣ ಮುಂದಿನ ವಾರಕ್ಕೆ ಹೋಗಿತ್ತು. ಬಾವುಟ ಮಾತ್ರ ಜಂಟಿ ಕಾರ್ಯದರ್ಶಿಯಾದ ಅನಂತಪದ್ಮನಾಭನ ಬೀರುವಿನಲ್ಲಿತ್ತು.

"ಏನ್ರೀ ಅನಂತು, ಸಿಂಗಪುರದವ್ರು ಆಗಲೇ ಫೋಟೋ ಹಾಕ್ಯಾರ. ನಾವೇನು ಮಾರಿ ಮುಚ್ಚಿಕೊಂಡು ಕುಂಡ್ರಬೇಕೇನು?" ಎಂದು ಫೋನಿನಲ್ಲಿ ಗುಡುಗಿದರು.

"ಮೇಡಂ, ನಾನು ಸೆಪಾಂಗಿಗೆ ಹೊರಟಿದೀನಿ. ನಮ್ಮ ಎಡ್ವರ್ಡ್ ಸಾರ್ ಬೈಕ್ ಓಡಿಸ್ತಾರೆ, ಚಪ್ಪಾಳೆ ತಟ್ಟೋಕೆ ಆಫೀಸಿನವರೆಲ್ಲ ಹೋಗ್ಬೇಕು..."

"ಸೆಪಾಂಗ್? ಆ ರೇಸ್ ನಡಿಯೋ ಜಾಗ? ಅಯ್ಯ, ಇನ್ನೇನ್ ಬೇಕ್ರೀ! ಸಿಂಗಪುರದವ್ರು ರೇಸ್ ಮಾಡೋದು ಊರಾಗಿನ ರಸ್ತಾದಾಗ. ನಮ್ಮದು ಖರೇ ಟ್ರ್ಯಾಕ್. ಬಾವುಟ ತಗೊಂಡ್ ಹೋಗ್ರಿ. ಹಿಂದ ಗಾಡಿ ಓಡ್ತಿರಬೇಕು, ಮುಂದ ಬಾವುಟ ಹಾರ್ತಿರಬೇಕು. ವಿಡಿಯೋ ಕಾಲ್ ಮಾಡ್ರಿ, ನಾ ಹೇಳ್ತೀನಿ ಹೆಂಗ ಹಿಡೀಬೇಕಂತ."

ಅನಂತಪದ್ಮನಾಭನ ಹೆಸರು ಎಷ್ಟು ಉದ್ದವೋ ಧೈರ್ಯ ಅಷ್ಟು ಗಿಡ್ಡ. ಲಿಫ್ಟಿಗೆ ಹೆದರುತ್ತಾನೆ, ಹೆದ್ದಾರಿಯಲ್ಲಿ ಪಕ್ಕಕ್ಕೆ ಬರುವ ಕಂಟೇನರ್ ಲಾರಿಗೆ ಹೆದರುತ್ತಾನೆ, ವಿಮಾನ ಹತ್ತುವ ಹಿಂದಿನ ದಿನ ಊಟ ಬಿಡುತ್ತಾನೆ. ಸಭೆಯಲ್ಲಿ "ನನ್ನ ಕೈಲಿ ಆಗಲ್ಲ" ಎನ್ನಲು ಹೆದರಿಯೇ ಜಂಟಿ ಕಾರ್ಯದರ್ಶಿಯಾದವನು. ಈ ಹೆದರಿಕೆಗಳನ್ನೆಲ್ಲ ಗಂಟು ಕಟ್ಟಿ ತಕ್ಕಡಿಯ ಒಂದು ತಟ್ಟೆಗೆ ಹಾಕಿದರೂ ಇನ್ನೊಂದು ತಟ್ಟೆಯಲ್ಲಿ ಎಡ್ವರ್ಡ್ ಸಾರ್ ಒಬ್ಬರೇ ಹೆಚ್ಚು ತೂಗುತ್ತಿದ್ದರು.

ಎಡ್ವರ್ಡ್ ಸಾರ್ ಕ್ಲಾಂಗ್ ಬಂದರಿನ ಒಂದು ಹಡಗು ಸಾಗಣೆ ಕಂಪನಿಯ ದೊಡ್ಡ ಅಧಿಕಾರಿ. ಮಂಗಳೂರಿನವರು. ವಯಸ್ಸಿನಲ್ಲಿದ್ದಾಗ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇರಲಿಲ್ಲ. "ಗುಡ್ ಮಾರ್ನಿಂಗ್" ಅಂದರೂ ಗುಮಾಸ್ತರ ಕೈಯಿಂದ ಪೆನ್ನು ಜಾರುತ್ತಿತ್ತು. ವರ್ಷಕ್ಕೊಂದು ಸಲ, ಹಣ ಕಟ್ಟಿದವರು ಸೆಪಾಂಗ್ ಟ್ರ್ಯಾಕಿನ ಮೇಲೆ ತಮ್ಮ ಸ್ವಂತ ಬೈಕ್ ಓಡಿಸಬಹುದಾದ ದಿನ, ಅವರು ಚರ್ಮದ ಉಡುಪು ತೊಟ್ಟು ಇಳಿಯುತ್ತಿದ್ದರು. ಅವರ ಜತೆ ಮಾಂಟ್ ಕಿಯಾರಾದ ಕಣ್ಣಿನ ಡಾಕ್ಟರು ಪ್ರಶಾಂತ ಕೂಡ ಇಳಿಯುತ್ತಿದ್ದರು. ಐದು ಸುತ್ತಿನಲ್ಲಿ ಯಾರು ಮುಂದೆ ಎನ್ನುವುದು ಇಬ್ಬರಿಗೂ ಮಾನದ ಪ್ರಶ್ನೆಯಾಗಿತ್ತು.

ಈ ವರ್ಷ ಚಪ್ಪಾಳೆಗಿಂತ ದೊಡ್ಡ ಸಂಗತಿಯೊಂದಿತ್ತು. ಕಂಪನಿ ಸಮುದ್ರದಾಚೆಯ ಸರವಾಕ್‌ನಲ್ಲಿ, ಬಿಂಟುಲು ಎಂಬ ಊರಲ್ಲಿ, ಹೊಸ ಸರಕು ಅಂಗಳ ತೆರೆದಿತ್ತು. ಮೂರು ವರ್ಷಕ್ಕೆ ಒಬ್ಬನನ್ನು ಅಲ್ಲಿಗೆ ಕಳಿಸಬೇಕು. ಒಂದೋ ಅನಂತಪದ್ಮನಾಭ, ಇಲ್ಲವೋ ಅವನ ಪಕ್ಕದ ಮೇಜಿನ ಕ್ಲಿಫರ್ಡ್. ಯಾರು ಎನ್ನುವುದನ್ನು ಇವತ್ತು ಸೆಪಾಂಗಿನ ಊಟದ ಹೊತ್ತಿಗೆ ಹೇಳುತ್ತೇನೆ ಎಂದು ಎಡ್ವರ್ಡ್ ಸಾರ್ ಕಿರುಚಿದ್ದರು. ತಮಗೆ ಕೋಪ ಬರಿಸಿದವರನ್ನು ದೂರ ಸಾಗಿಸಲು ಸಾರ್ ಹೂಡಿದ ಉಪಾಯ ಇದು ಎಂದು ಆಫೀಸಿನವರೆಲ್ಲ ತಿಳಿದಿದ್ದರು. ಅನಂತಪದ್ಮನಾಭ ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹೊರಡುವಾಗ ಹೆಂಡತಿ ಅನಿತಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೊಟ್ಟು, "ರೀ, ಚಪ್ಪಾಳೆ ತಟ್ಟಿ, ಹಲ್ಲು ಕಿರೀರಿ, ಬಾಯಿ ಬಿಡಬೇಡಿ. ನವ್ಯಾ ಕಾಲೇಜು ಬಿಡಿಸಿ ನಾನಂತೂ ಅಲ್ಲಿಗೆ ಬರಲ್ಲ. ನೀವೊಬ್ರೇ ಹೋಗ್ಬೇಕಾಗತ್ತೆ," ಎಂದಳು.

ಮಗಳು ನವ್ಯಾ ಮೊಬೈಲಿನಿಂದ ಕಣ್ಣೆತ್ತದೆ, "ಪಪ್ಪಾ, ರಿವರ್ಸ್ ದೇರ್ ಗಾಟ್ ಕ್ರೊಕಡೈಲ್ಸ್ ಲಾ," ಎಂದಳು.

ಸಣ್ಣ ವಿಮಾನ, ನದಿಯಲ್ಲಿ ದೊಡ್ಡ ಮೊಸಳೆ, ಒಂಟಿ ಅಡುಗೆ. ಅನಂತಪದ್ಮನಾಭ ಬಾವುಟವನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಕೆಳಗಿಳಿದ. ಮೆಟ್ಟಿಲಿಳಿದೇ ಬಂದ.

ಕ್ಲಿಫರ್ಡ್ ತನ್ನ ಕಾರಿನಲ್ಲಿ ಕಾಯುತ್ತಿದ್ದ. ಅವನೂ ಮಂಗಳೂರಿನವನೇ. ಹೆಂಡತಿ ಜೆನಿಶಾ ತುಂಬು ಬಸುರಿಯಾದ್ದರಿಂದ ಅವನಿಗೂ ಬಿಂಟುಲು ಬೇಡವಾಗಿತ್ತು. ಆದರೆ ರೇಸಿನ ಹುಚ್ಚಿನಲ್ಲಿ ಅವನು ಭಯವನ್ನೇ ಮರೆತಿದ್ದ.

"ಮಾರಾಯ್ರೆ, ಈ ಜಾಗ ಎಂತದ್ದು ಗೊತ್ತುಂಟಾ ನಿಮಗೆ? ಮೊದಲು ಎಲ್ಲ ಎಣ್ಣೆತಾಳೆ ತೋಟ. ತೊಂಬತ್ತೊಂಬತ್ತರಲ್ಲಿ ಟ್ರ್ಯಾಕ್ ಮಾಡಿ ಅದೇ ವರ್ಷ ಫಾರ್ಮುಲಾ ಒನ್ ತಂದ್ರು. ಇಡೀ ಪ್ರಪಂಚ ಇಲ್ಲಿ ಬಂದು ಬೆವರಿದ್ದು! ಹೆಲ್ಮೆಟ್ಟಿನ ಒಳಗೆ ತಲೆ ಬೇಯ್ತದೆ ಇಲ್ಲಿ. ಒಂದು ವರ್ಷ ಹೇಗೆ ಮಳೆ ಬಂತು ಅಂದ್ರೆ, ರೇಸನ್ನು ಅರ್ಧಕ್ಕೇ ನಿಲ್ಸಿ ಅರ್ಧ ಪಾಯಿಂಟ್ಸ್ ಕೊಟ್ಟು ಕಳ್ಸಿದ್ರು. ಹದಿನೇಳರಲ್ಲಿ ಕಾರು ನಿಂತಿತು. ಬೈಕು ಈಗ್ಲೂ ವರ್ಷ ವರ್ಷ ಬರ್ತದೆ," ಎಂದು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಗಾಳಿಯಲ್ಲಿ ಟ್ರ್ಯಾಕ್ ಬರೆಯುತ್ತ ಕ್ಲಿಫರ್ಡ್ ಹೇಳಿದ.

"ಎರಡೂ ಕೈ ಸ್ಟೀರಿಂಗ್ ಮೇಲಿಡಪ್ಪ," ಎಂದ ಅನಂತಪದ್ಮನಾಭ. ಅವನ ಕೈ ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

"ಅದ್ರ ಚಂದ ಇರುದು ಕೊನೆಯ ತಿರುವಿನಲ್ಲಿ. ಈ ಕಡೆ ಒಂದು ಉದ್ದ ನೇರ ದಾರಿ, ಆ ಕಡೆ ಒಂದು. ನಡುವಲ್ಲಿ ಗ್ಯಾಲರಿ. ವಿಮಾನದ ಹಾಗೆ ಬಂದವರು ಅಲ್ಲಿ ಪೂರ್ತಿ ಬ್ರೇಕ್ ಹಾಕಿ ಹಿಂದಕ್ಕೆ ತಿರುಗ್ಬೇಕು. ಗೆಲ್ಲುದು, ಸೋಲುದು ಎಲ್ಲ ಅಲ್ಲೇ."

ವಿಮಾನ ಎಂಬ ಮಾತು ಕೇಳಿ ಅನಂತಪದ್ಮನಾಭ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಸೆಪಾಂಗ್ ಬಂದಿತ್ತು. ದೊಡ್ಡ ದೊಡ್ಡ ಎಲೆಗಳನ್ನು ಕೊಡೆಯಂತೆ ಬಿಚ್ಚಿ ನಿಲ್ಲಿಸಿದ ಹಾಗೆ ಗ್ಯಾಲರಿಯ ಚಾವಣಿ ಆಕಾಶಕ್ಕೆ ಹಬ್ಬಿತ್ತು. ಅದನ್ನು ನೋಡಿ ಯಾರಿಗಾದರೂ ಬಾಯಿಂದ ಆಹಾ ಎಂದು ಬರಬೇಕು. ಅಷ್ಟರಲ್ಲಿ ಒಂದು ಬೈಕು ಹಾದುಹೋಯಿತು. ಅದು ಕಣ್ಣಿಗೆ ಬೀಳಲಿಲ್ಲ. ಎದೆಯೊಳಗೆ ಯಾರೋ ತಗಡು ಹರಿದಂತಾಯಿತು, ಅಷ್ಟೆ. ಅನಂತಪದ್ಮನಾಭ ಕಂಬವೊಂದನ್ನು ಅಪ್ಪಿಕೊಂಡ. ಆಮೇಲೆ ಕಿಸೆಯಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡ.

ಆಫೀಸಿನವರೆಲ್ಲ ನೆರಳಲ್ಲಿ ಕೂತರು. ಎಡ್ವರ್ಡ್ ಸಾರ್ ಕಪ್ಪು ಚರ್ಮದ ಉಡುಪಿನಲ್ಲಿ ಬಂದು ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದರು. ಹತ್ತಿಯ ಮೂಲಕವೂ ಅವರ ದನಿ ಕೇಳಿಸಿತು. "ಇವತ್ತು ಆ ಡಾಕ್ಟ್ರನ್ನು ಬಿಡುದಿಲ್ಲ! ನಿಮ್ಮಲ್ಲಿ ಯಾರಾದ್ರೂ ನನ್ನ ಗಮನ ಕೆಡಿಸಿದ್ರೆ ಜಾಗ್ರತೆ!"

ಅನಂತಪದ್ಮನಾಭನಿಗೆ ಅದು ತನಗೊಬ್ಬನಿಗೇ ಹೇಳಿದಂತೆ ಕೇಳಿಸಿತು. ಕೈಚೀಲವನ್ನು ಕುರ್ಚಿಯ ಕೆಳಗೆ ಒದ್ದು ಇಟ್ಟ. ಆದರೆ ಫೋನು ಕಿಸೆಯಲ್ಲಿ ನಡುಗತೊಡಗಿತು. ಒಂದು ಸಲ ಬಿಟ್ಟ, ಎರಡು ಸಲ ಬಿಟ್ಟ. ಮೂರನೆಯ ಸಲಕ್ಕೆ ರತ್ನಾ ಮೇಡಂ ಬಳಗದ ಗುಂಪಿನಲ್ಲೇ ಬರೆದಿದ್ದರು: "ನಮ್ಮ ಜಂಟಿ ಕಾರ್ಯದರ್ಶಿ ಸೆಪಾಂಗಿನಿಂದ ಈಗ ನೇರಪ್ರಸಾರ. ಎಲ್ಲರೂ ನೋಡಿ." ಕೆಳಗೆ ನಲವತ್ತು ಜನ ಕೈ ಮುಗಿದಿದ್ದರು.

ಒಂದು ಕಡೆ ಸಾರ್, ಇನ್ನೊಂದು ಕಡೆ ಮೇಡಂ. ನಡುವೆ ಸಿಕ್ಕಿದ ಅನಂತಪದ್ಮನಾಭ ಕೈಚೀಲದಿಂದ ಬಾವುಟ ಎಳೆದುಕೊಂಡು ಕ್ಲಿಫರ್ಡನ ತೋಳು ಹಿಡಿದು, "ಬೇಗ ಒಂದು ಜಾಗ ತೋರಿಸಪ್ಪ, ಅರ್ಧ ನಿಮಿಷದ ಕೆಲಸ. ಸಾರ್ ಆ ತುದಿಯಲ್ಲಿರೋವಾಗಲೇ ಮುಗಿಸಿಬಿಡೋಣ," ಎಂದು ಬೇಡಿಕೊಂಡ.

ಕ್ಲಿಫರ್ಡ್ ತನಗೆ ಪ್ರಿಯವಾದ ಜಾಗಕ್ಕೇ ಕರೆದೊಯ್ದ. ಕೊನೆಯ ತಿರುವಿನ ಎದುರಿಗೆ, ಬೇಲಿಯ ಪಕ್ಕಕ್ಕೆ. ಫೋನು ಕ್ಲಿಫರ್ಡನ ಕೈಯಲ್ಲಿ, ಬಾವುಟ ಅನಂತಪದ್ಮನಾಭನ ಕೈಯಲ್ಲಿ. ಪರದೆಯಲ್ಲಿ ರತ್ನಾ ಮೇಡಂ ಏನೋ ಹೇಳುತ್ತಿದ್ದರು. ಹತ್ತಿಯ ದೆಸೆಯಿಂದ ಒಂದಕ್ಷರವೂ ಕೇಳಲಿಲ್ಲ. ಅವರು ಕೈ ಮೇಲೆತ್ತಿ ತೋರಿಸಿದರು. ಇವನು ಬಾವುಟ ಮೇಲೆತ್ತಿದ. ಅವರು ಕೈ ಆಡಿಸಿದರು. ಇವನೂ ಬೀಸಿದ. ಸ್ವಲ್ಪ ದೂರದಲ್ಲಿ ಕೇಸರಿ ಉಡುಪಿನ, ಟ್ರ್ಯಾಕ್ ಕಾಯುವ ಮಾರ್ಷಲ್ ಒಬ್ಬ ಎರಡೂ ಕೈ ಎತ್ತಿ ಆಡಿಸುತ್ತ ಕುಣಿಯುತ್ತಿದ್ದ. ಪಾಪ, ಮಲಯದವನಾದರೂ ನಮ್ಮ ನಾಡಹಬ್ಬಕ್ಕೆ ಎಷ್ಟು ಸಂತೋಷಪಡುತ್ತಿದ್ದಾನೆ ಎಂದುಕೊಂಡು ಅನಂತಪದ್ಮನಾಭ ಅವನ ಕಡೆಗೂ ಒಮ್ಮೆ ಜೋರಾಗಿ ಬೀಸಿದ.

ಅದೇ ಹೊತ್ತಿಗೆ ನೇರ ದಾರಿಯಲ್ಲಿ ಎರಡು ಬೈಕುಗಳು ಬಂದವು. ಮುಂದಿನದು ಕಪ್ಪು. ತಿರುವು ಇನ್ನೂ ದೂರವಿರುವಾಗಲೇ ಕಪ್ಪು ಬೈಕಿನವರು ತಟ್ಟನೆ ತಲೆ ಎತ್ತಿದರು, ಬೈಕು ನಿಧಾನವಾಯಿತು, ಸಂತೆಗೆ ಹೊರಟ ಸೈಕಲ್ಲಿನ ಹಾಗೆ ತಿರುವಿಗೆ ಬಂತು. ಹಿಂದಿನ ಕೆಂಪು ಬೈಕು ಸುಂಯ್ ಎಂದು ದಾಟಿ ಹೋಗಿಯೇ ಬಿಟ್ಟಿತು. ಕಪ್ಪು ಹೆಲ್ಮೆಟ್ಟು ಒಂದು ಕ್ಷಣ ಬೇಲಿಯ ಕಡೆ ತಿರುಗಿ ನೋಡಿತು.

ಕ್ಲಿಫರ್ಡ್ ಫೋನು ಕೆಳಗಿಳಿಸಿದ. ಅನಂತಪದ್ಮನಾಭನ ಕಿವಿಯಿಂದ ಹತ್ತಿ ಕಿತ್ತು, "ಎಂತ ಮಾಡಿದ್ರಿ ಮಾರಾಯ್ರೆ! ಹಳದಿಯಲ್ಲಿ ಕೆಂಪು ಪಟ್ಟೆ ಇದ್ರೆ ಅದು ಎಣ್ಣೆ ಬಾವುಟ. ದಾರಿ ಜಾರ್ತದೆ, ನಿಧಾನ ಹೋಗಿ ಅಂತ ಅರ್ಥ. ಆ ಸ್ಪೀಡಲ್ಲಿ ಪಟ್ಟೆ ಅಡ್ಡ ಉಂಟಾ ಉದ್ದ ಉಂಟಾ ಅಂತ ಯಾರು ನೋಡ್ತಾರೆ?" ಎಂದ.

"ನೀನು ಮೊದಲೇ ಯಾಕೆ ಹೇಳ್ಲಿಲ್ಲ?"

"ನಾನು ಫೋನ್ ನೋಡ್ತಿದ್ದೆ. ಫೋನಲ್ಲಿ ಅದು ಕನ್ನಡ ಬಾವುಟದ ಹಾಗೇ ಕಾಣ್ತಿತ್ತು."

"ಅದು ಕನ್ನಡ ಬಾವುಟಾನೇ ಕಣಯ್ಯ!"

"ಸಾರ್ ಸೋತ್ರು," ಎಂದ ಕ್ಲಿಫರ್ಡ್. "ಅದು ಕೊನೇ ಸುತ್ತು."

ಅನಂತಪದ್ಮನಾಭನ ಕಣ್ಣ ಮುಂದೆ ಸಣ್ಣ ವಿಮಾನವೊಂದು ಹಾರಿ ಬಂದು ಮೊಸಳೆಗಳ ನಡುವೆ ಇಳಿಯಿತು. ಅಷ್ಟರಲ್ಲಿ ಬೈಕುಗಳು ಬಂದು ನಿಲ್ಲುವ ಪಿಟ್ ಕಡೆಯಿಂದ ಗುಡುಗು ಕೇಳಿಸಿತು. ಆಕಾಶದ್ದಲ್ಲ, ಎಡ್ವರ್ಡ್ ಸಾರ್ ಅವರದು. "ಆ ಬಾವುಟದವನನ್ನು ಹುಡುಕಿ! ಎಲ್ಲಿದ್ರೂ ಹಿಡ್ಕೊಂಡು ಬನ್ನಿ ನನ್ನತ್ರ!"

"ಕಸದ ಡಬ್ಬಿಗೆ ಹಾಕಿ ಬನ್ನಿ," ಎಂದ ಕ್ಲಿಫರ್ಡ್.

"ಏನು ಮಾತು ಅಂತ ಆಡ್ತೀಯ! ರಾಜ್ಯೋತ್ಸವದ ದಿನ, ಬಾವುಟನ ಕಸಕ್ಕೆ ಹಾಕ್ಲಾ?"

ಕೈಚೀಲ ಗ್ಯಾಲರಿಯ ಕುರ್ಚಿಯ ಕೆಳಗೇ ಉಳಿದಿತ್ತು. ಕಿಸೆಯಲ್ಲಿ ಬಾವುಟ ಹಿಡಿಯಲಿಲ್ಲ. ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅನಂತಪದ್ಮನಾಭ ಶೌಚಾಲಯಕ್ಕೆ ಓಡಿ, ಅಂಗಿ ಬಿಚ್ಚಿ, ಬಾವುಟವನ್ನು ಹೊಟ್ಟೆಗೆ ಸುತ್ತಿ, ಮೇಲೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. ಕನ್ನಡಿಯಲ್ಲಿ ನೋಡಿದರೆ ಅವನೂ ತುಂಬು ಬಸುರಿ ಜೆನಿಶಾಳಂತೆಯೇ ಕಾಣುತ್ತಿದ್ದ.

ಹೊರಗೆ ಬಂದರೆ ಎದುರಿಗೇ ಆ ಕೇಸರಿ ಉಡುಪಿನ ಮಾರ್ಷಲ್, ಜತೆಗೆ ಇನ್ನಿಬ್ಬರು. ಅನಂತಪದ್ಮನಾಭ ಹಿಂದಕ್ಕೆ ತಿರುಗಿ ಓಡಿದ. ಆಗಲೇ ಮಳೆಯೂ ಬಂತು. ಸೆಪಾಂಗಿನ ಮಳೆ ಹನಿ ಹಾಕಿ ಎಚ್ಚರಿಸುವುದಿಲ್ಲ, ಆಕಾಶದಲ್ಲಿ ಯಾರೋ ಹಂಡೆ ಬೋರಲು ಹಾಕಿದಂತೆ ಬೀಳುತ್ತದೆ. ಟ್ರ್ಯಾಕು ಹೊಳೆಯಾಯಿತು, ಬೈಕುಗಳೆಲ್ಲ ಒಳಗೆ ಸೇರಿದವು, ಮಾರ್ಷಲ್‌ಗಳು ಬೇರೆ ಕೆಲಸಕ್ಕೆ ಓಡಿದರು. ಕಾರು ನಿಲ್ಲಿಸಿದ್ದ ಬಯಲಿನಲ್ಲಿ ಒಂದು ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಅನಂತಪದ್ಮನಾಭ ಪೂರ್ತಿ ನೆನೆದ. ಮನೆಗೆ ಓಡಿಹೋಗೋಣವೆಂದರೆ ಕಾರು ಕ್ಲಿಫರ್ಡನದು. ಕ್ಲಿಫರ್ಡನಿಗೆ ಗುಟ್ಟು ಗೊತ್ತು. ಅವನು ಬಾಯಿ ಬಿಟ್ಟರೆ ಅವನು ಬಿಂಟುಲುವಿನಿಂದ ಪಾರು.

ಕ್ಲಿಫರ್ಡನೇ ಕೊಡೆ ಹಿಡಿದು ಹುಡುಕಿಕೊಂಡು ಬಂದ. "ಊಟಕ್ಕೆ ಎಲ್ಲರೂ ಕೂತಾಯ್ತು. ನೀವು ಬರದಿದ್ರೆ ನೀವೇ ಅಂತ ಗೊತ್ತಾಗ್ತದೆ. ನಾನಾಗಿ ಹೇಳುದಿಲ್ಲ ಮಾರಾಯ್ರೆ. ಆದ್ರೆ ಸಾರ್ ನನ್ನ ಮುಖ ನೋಡಿ ಕೇಳಿದ್ರೆ ನಂಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

ಊಟದ ಕೋಣೆಯಲ್ಲಿ ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನದ ಪೊಟ್ಟಣಗಳು ಬಿಚ್ಚಿಕೊಂಡಿದ್ದವು. ಅನಂತಪದ್ಮನಾಭ ಗೋಡೆಯ ಪಕ್ಕ, ಎಲ್ಲರ ಹಿಂದೆ, ಕೈಕಟ್ಟಿ ಹೊಟ್ಟೆ ಮುಚ್ಚಿಕೊಂಡು ಕೂತ. ಎಡ್ವರ್ಡ್ ಸಾರ್ ಎದ್ದು ನಿಂತರು. ಅವರ ಪಕ್ಕದಲ್ಲೇ ಡಾಕ್ಟರು ಪ್ರಶಾಂತ ನಗುತ್ತ ಕೂತಿದ್ದರು.

"ಎಲ್ಲರೂ ಕೇಳಿ! ನಾನು ಸೋತದ್ದಲ್ಲ! ನಾನು ನಿಧಾನ ಮಾಡಿದ್ದು! ಯಾಕೆ? ಎಣ್ಣೆ ಬಾವುಟ ಕಂಡಿತು. ಬಾವುಟ ಕಂಡ್ರೆ ನಿಧಾನ ಮಾಡುವವನೇ ಒಳ್ಳೇ ರೈಡರ್. ಕೆಲವರು ಕಂಡ್ರೂ ನುಗ್ಗಿಕೊಂಡು ಹೋಗ್ತಾರೆ. ನಾನು ಅಂಥವನಲ್ಲ!"

"ಎಡ್ವರ್ಡ್, ಮಾರ್ಷಲ್‌ಗಳೇ ನಾವು ಯಾವ ಬಾವುಟಾನೂ ತೋರಿಸ್ಲಿಲ್ಲ ಅಂತಿದಾರಲ್ರೀ," ಎಂದರು ಡಾಕ್ಟರು. "ಸೋಮವಾರ ಕ್ಲಿನಿಕ್ಕಿಗೆ ಬನ್ನಿ, ಕಣ್ಣು ನೋಡ್ತೀನಿ."

ಯಾರೋ ಕಿಸಕ್ಕೆಂದು ನಕ್ಕರು. ಎಡ್ವರ್ಡ್ ಸಾರ್ ಮುಖ ಕೆಂಪಾಯಿತು. "ಬಾವುಟ ಇತ್ತು! ಬೇಲಿಯ ಹತ್ರ ಯಾವನೋ ಬೀಸಿದ್ದಾನೆ. ಆ ಮನುಷ್ಯ ಒಮ್ಮೆ ಈ ಡಾಕ್ಟ್ರ ಎದುರು ಬಂದು ಹೌದು ಅಂತ ಹೇಳ್ಲಿ. ನನ್ನ ಜೀವ ಉಳಿಸಿದವನು ಅವನು! ಅವನನ್ನು ನಾನು ಸುಮ್ಮನೆ ಬಿಡುದಿಲ್ಲ, ತಲೆ ಮೇಲೆ ಇಟ್ಕೊಳ್ತೇನೆ!"

ಅನಂತಪದ್ಮನಾಭ ತಲೆ ಎತ್ತಿದ. ಹಾಗಾದರೆ ಸಾರ್ ಹುಡುಕುತ್ತಿದ್ದುದು ಬೈಯಲಿಕ್ಕಲ್ಲ! ಹದಿನೈದು ದಿನದ ಭಯ ಒಮ್ಮೆಲೇ ಕರಗಿ, ಅದರ ಜಾಗದಲ್ಲಿ ಅವನಿಗೆ ಪರಿಚಯವೇ ಇಲ್ಲದ ಒಂದು ಧೈರ್ಯ ಬಂದು ಕೂತಿತು. ಕ್ಲಿಫರ್ಡ್ ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು. ಅವನು ಕುರ್ಚಿ ಉರುಳಿಸಿ ಎದ್ದು ನಿಂತ.

"ನಾನೇ ಸಾರ್! ನಾನೇ ಬೀಸಿದ್ದು!"

ಕೈ ಸಡಿಲಿಸಿದಾಗ ಎಲ್ಲರಿಗೂ ಕಂಡಿತು. ಅಗ್ಗದ ಬಟ್ಟೆಯ ಬಾವುಟ ಮಳೆಗೆ ಬಣ್ಣ ಬಿಟ್ಟು, ಬಿಳಿ ಅಂಗಿಯ ಮೇಲೆ ಎದೆಯ ಕೆಳಗೆ ಅರಿಸಿನವೂ ಅದರ ಕೆಳಗೆ ಕುಂಕುಮವೂ ಇಳಿದಿತ್ತು. ಬೇರೆ ಸಾಕ್ಷಿ ಬೇಕಿರಲಿಲ್ಲ.

"ಬಾ ಮಾರಾಯ, ಇಲ್ಲಿ ಬಾ!" ಎಂದು ಎಡ್ವರ್ಡ್ ಸಾರ್ ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡರು. "ಹೇಳು ಇವರಿಗೆ. ಎಣ್ಣೆ ಕಂಡೇ ಬೀಸಿದ್ದು ತಾನೇ?"

ಅನಂತಪದ್ಮನಾಭ ತಲೆಯಾಡಿಸಿದ. "ಹೌದು ಸಾರ್. ಎಣ್ಣೆ."

"ಎಷ್ಟಿತ್ತು ಎಣ್ಣೆ?" ಎಂದರು ಡಾಕ್ಟರು.

"ಒಂದು... ತಟ್ಟೆಯಷ್ಟು."

"ಬೇಲಿಯಿಂದ ಅಷ್ಟು ದೂರಕ್ಕೆ ತಟ್ಟೆಯಷ್ಟು ಎಣ್ಣೆ ಕಾಣಿಸ್ತೇನ್ರೀ ನಿಮಗೆ?"

"ತಟ್ಟೆ ಅಂದ್ರೆ ಪರಾತ, ಡಾಕ್ಟ್ರೇ. ಮದುವೆ ಮನೆ ಪರಾತ. ಬಿಸಿಲಿಗೆ ಫಳಫಳ ಹೊಳೀತಿತ್ತು. ಅಂಚಿಂದ ಒಂದು ಗೆರೆ ಬೇರೆ ಹರಿದಿತ್ತು. ನನಗೆ ಮೊದಲಿಂದಲೂ ಹಾಗೇ ಸಾರ್, ನೆಲದ ಮೇಲೆ ಒಂದು ತೊಟ್ಟು ಬಿದ್ದಿದ್ರೂ ಕಣ್ಣು ಅಲ್ಲಿಗೇ ಹೋಗತ್ತೆ. ಜಾರಿ ಬೀಳ್ತೀನೇನೋ ಅಂತ ಭಯ."

ಮಳೆ ಟ್ರ್ಯಾಕನ್ನು ತೊಳೆದು ಇಟ್ಟಿದ್ದರಿಂದ ಡಾಕ್ಟರು ಇನ್ನು ಹೋಗಿ ನೋಡುವಂತೆಯೂ ಇರಲಿಲ್ಲ. ಎಡ್ವರ್ಡ್ ಸಾರ್ ಅನಂತಪದ್ಮನಾಭನ ಬೆನ್ನು ತಟ್ಟಿದ ಸದ್ದು ಮಳೆಯ ಸದ್ದನ್ನೂ ಮೀರಿಸಿತು. ಚಪ್ಪಾಳೆ ಬಿತ್ತು. ತನಗೆ ಜನ ಚಪ್ಪಾಳೆ ತಟ್ಟುವುದನ್ನು ಅನಂತಪದ್ಮನಾಭ ಇದೇ ಮೊದಲ ಸಲ ಕೇಳಿದ್ದು. ಕಣ್ಣು ತುಂಬಿ ಬಂತು. ಇದೇ ಸಮಯ, ಬಿಂಟುಲು ಬೇಡ ಎಂದು ಕೇಳಿಬಿಡೋಣ ಎಂದು ಬಾಯಿ ತೆರೆದ.

"ಸಾರ್, ನನ್ನದೊಂದು ವಿನಂತಿ..."

"ಗೊತ್ತುಂಟು! ನೀನು ಬಾಯಿ ಬಿಟ್ಟು ಕೇಳುವವನಲ್ಲ, ನಿನಗೆ ನಾಚಿಕೆ!" ಎಂದರು ಎಡ್ವರ್ಡ್ ಸಾರ್. ಮತ್ತೆ ಎಲ್ಲರ ಕಡೆ ತಿರುಗಿದರು. "ಬಿಂಟುಲು ಅಂದ್ರೆ ನೀವೆಲ್ಲ ಶಿಕ್ಷೆ ಅಂತ ತಿಳ್ಕೊಂಡಿದ್ದೀರಿ. ಎಂತ ಶಿಕ್ಷೆ? ಅದು ಮರ್ಯಾದೆಯ ಜಾಗ! ಅಲ್ಲಿ ಅಂಗಳದಲ್ಲಿ ದಿನಾ ಒಂದು ಕಡೆ ಡ್ರಮ್ಮು ಸೋರ್ತದೆ, ಯಾರ ಕಣ್ಣಿಗೂ ಬೀಳುದಿಲ್ಲ. ಮೊನ್ನೆ ಇಬ್ಬರು ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ಕ್ಲಿಫರ್ಡ್, ನಿನ್ನನ್ನು ಕಳಿಸುದು ಅಂತ ಮಾಡಿದ್ದೆ. ನೀನು ಬೇಡ. ಇಷ್ಟು ದೂರದಿಂದ ಎಣ್ಣೆ ಕಾಣುವ ಮನುಷ್ಯ ಸಿಕ್ಕಿದ ಮೇಲೆ ನಂಗೆ ಬೇರೆ ಯಾರು ಬೇಕು?"

ಕ್ಲಿಫರ್ಡ್ ಓಡಿ ಬಂದು ಅನಂತಪದ್ಮನಾಭನನ್ನು ಅಪ್ಪಿಕೊಂಡು ಅಳತೊಡಗಿದ. ಅವನ ಅಂಗಿಗೂ ಅರಿಸಿನ ಕುಂಕುಮ ಅಂಟಿತು.

ಅನಂತಪದ್ಮನಾಭ ಎಡ್ವರ್ಡ್ ಸಾರ್ ತೋಳು ಹಿಡಿದು ಹೇಗೋ ಹೇಳಿದ. "ಸಾರ್, ನಿಜ ಹೇಳ್ಬೇಕು ಅಂದ್ರೆ... ಅಲ್ಲಿ ಎಣ್ಣೆನೇ..."

ಎಡ್ವರ್ಡ್ ಸಾರ್ ಅವನ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡರು. ಡಾಕ್ಟರ ಕಡೆ ಒಮ್ಮೆ ನೋಡಿದರು. ಆಮೇಲೆ, ಕಂಪನಿಯಲ್ಲಿ ಯಾರೂ ಎಂದೂ ಕೇಳಿರದಷ್ಟು ಮೆಲ್ಲಗೆ, ಅನಂತಪದ್ಮನಾಭನ ಕಿವಿಯಲ್ಲಿ ಕೇಳಿದರು.

"ಎಣ್ಣೆ ಇತ್ತಲ್ವಾ, ಮಾರಾಯ?"

ಅವರ ಕಿರುಚಾಟಕ್ಕೆ ಅವನು ಇಷ್ಟು ವರ್ಷ ಹೆದರಿದ್ದ. ಆ ಪಿಸುಮಾತಿಗೆ ಹೆದರಿದಷ್ಟು ಎಂದೂ ಹೆದರಿರಲಿಲ್ಲ.

"ಇತ್ತು ಸಾರ್," ಎಂದ ಅನಂತಪದ್ಮನಾಭ. "ತುಂಬಾನೇ ಇತ್ತು."